ಮಂಕಾದ ಕಾರ್ ಪೇಂಟಿಗೆ ಪಾಲಿಶ್ ಕಿಟ್: ಕ್ಲೇಗೆ ಫುಲ್ ಮಾರ್ಕ್ಸ್, ಬಟ್ಟೆಗೆ ಸೊನ್ನೆ

ನಮ್ಮ ಕಾರು ಕೆಂಪು ಬಣ್ಣದ್ದು, 11 ವರ್ಷ ಆಯ್ತು, ಬಿಸಿಲಲ್ಲೇ ನಿಂತು ನಿಂತು ಬಾನೆಟ್ಟು ರೂಫು ಎರಡೂ ಬೂದಿ ಬಳಿದ ಹಾಗಾಗಿತ್ತು. ತೊಳೆದಾಗ ಒದ್ದೆ ಇರೋ ತನಕ ಮಿಂಚೋದು, ಒಣಗಿದ ತಕ್ಷಣ ಮತ್ತೆ ಅದೇ ಕಥೆ. ರೀಪೇಂಟ್ ಮಾಡ್ಸೋ ಮನಸ್ಸಿರಲಿಲ್ಲ, ಅದಕ್ಕೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತೋ ಮೆತ್ತನೆ ಉಂಡೆ), ಕಾಂಪೌಂಡ್ (ಉಜ್ಜಿ ಮಬ್ಬು ತೆಗೆಯೋ ಪೇಸ್ಟ್), ಪಾಲಿಶ್, ವ್ಯಾಕ್ಸ್, ಎರಡು ಫೋಮ್ ಪ್ಯಾಡ್, ಒಂದು ಮೈಕ್ರೋಫೈಬರ್ ಬಟ್ಟೆ ಇರೋ ಕಿಟ್ ತರಿಸಿದೆ. ಡಬ್ಬದ ಮೇಲೆ "15 ನಿಮಿಷದಲ್ಲಿ ಹೊಸ ಕಾರಿನ ಹೊಳಪು" ಅಂತ ಬರೆದಿದ್ದಾರೆ. ನನಗೆ ಹಿಡಿದಿದ್ದು ಎರಡು ಭಾನುವಾರ.

ಮೊದಲು ಕ್ಲೇ ಬಗ್ಗೆ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಬಿಟ್ಟುಬಿಡೋದು ಅದನ್ನೇ. ಶಾಂಪೂ ಹಾಕಿ ಚೆನ್ನಾಗಿ ತೊಳೆದು ಒರೆಸಿದ್ಮೇಲೆ ಕೈಗೆ ಒಂದು ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಮೇಲೆ ಸವರಿ ನೋಡಿ, ಕಣ್ಣಿಗೆ ಕ್ಲೀನ್ ಕಾಣೋ ಜಾಗದಲ್ಲೂ ರವೆ ಉದುರಿಸಿದ ಹಾಗೆ ತರಿತರಿ ಸಿಗುತ್ತೆ. ಅದು ಪೇಂಟಿಗೆ ಕಚ್ಚಿಕೊಂಡಿರೋ ಬ್ರೇಕ್ ಧೂಳು, ಕಬ್ಬಿಣದ ಪುಡಿ, ಮರದ ಅಂಟು, ಇಂಥದ್ದು. ಶಾಂಪೂಗೆ ಅದು ಬಗ್ಗಲ್ಲ. ಶಾಂಪೂ ನೀರು ಧಾರಾಳವಾಗಿ ಸ್ಪ್ರೇ ಮಾಡ್ಕೊಂಡು ಕ್ಲೇ ಉಜ್ಜಿದೆ, ಅರ್ಧ ಬಾನೆಟ್ ಮುಗಿಯೋಷ್ಟರಲ್ಲಿ ಬಿಳಿ ಇದ್ದ ಉಂಡೆ ಕಂದು ಬಣ್ಣಕ್ಕೆ ತಿರುಗಿತ್ತು! ಆಗಾಗ ಮಡಚಿ ಹೊಸ ಮೈ ಹೊರಗೆ ತರಬೇಕು, ನೆಲಕ್ಕೆ ಬಿತ್ತು ಅಂದ್ರೆ ಅಲ್ಲಿಗೆ ಅದರ ಕಥೆ ಮುಗೀತು, ಮರಳು ಹತ್ತಿರುತ್ತೆ, ಜಿಪುಣತನ ಮಾಡಿ ಅದನ್ನೇ ಉಜ್ಜಿದ್ರೆ ಗೀರೋ ಗೀರು. ನಂದು ಒಂದು ಸಲ ಬಿತ್ತು, ಪುಣ್ಯಕ್ಕೆ ಮೊದಲೇ ಎರಡು ತುಂಡು ಮಾಡಿಟ್ಕೊಂಡಿದ್ದೆ.

ಕಾಂಪೌಂಡ್ ಚೆನ್ನಾಗಿದೆ, ಆದ್ರೆ ಅದು ಕ್ರೀಮ್ ಅಲ್ಲ, ನುಣ್ಣನೆ ಉಪ್ಪುಕಾಗದ ಅಂದ್ಕೊಂಡೇ ಕೈ ಹಾಕಿ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದ್ರೆ ಕ್ಲಿಯರ್ ಕೋಟ್, ಇರೋದೇ ಸಾಮಾನ್ಯವಾಗಿ 40-50 ಮೈಕ್ರಾನ್, ಪ್ರತಿ ಸಲ ಉಜ್ಜಿದಾಗ ಅದರಲ್ಲೇ ಸ್ವಲ್ಪ ಹೋಗೋದು. ಮೂಲೆ, ಅಂಚು, ಬಾಡಿ ಲೈನ್ ಎದ್ದಿರೋ ಕಡೆ ಇನ್ನೂ ತೆಳು, ಅಲ್ಲಿಗೆ ಮಾಸ್ಕಿಂಗ್ ಟೇಪ್ ಹಾಕಿ. ನಾನು ಬಾನೆಟ್ ಮಧ್ಯಕ್ಕೆ ಒಂದು ಟೇಪ್ ಎಳೆದು ಬರೀ ಎಡಗಡೆ ಮಾಡಿ ನೋಡಿದೆ: ಎಡಗಡೆ ಟ್ಯೂಬ್‌ಲೈಟ್ ಪ್ರತಿಬಿಂಬ ಗೆರೆ ಹೊಡೆದ ಹಾಗೆ ಕಾಣ್ತಿದೆ, ಬಲಗಡೆ ಬರೀ ಬಿಳಿ ಮಬ್ಬು. ಅದನ್ನ ನೋಡಿದ್ಮೇಲೆ ಭುಜದ ನೋವೂ ಮರೆತುಹೋಯ್ತು. ಇನ್ನೊಂದು, ಹಳೇ ಕಾರುಗಳಲ್ಲಿ ಕ್ಲಿಯರ್ ಕೋಟೇ ಇಲ್ಲದ ಪೇಂಟ್ ಇದ್ರೆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತೆ, ಗಾಬರಿ ಬೀಳಬೇಡಿ, ಅದು ಸತ್ತ ಮೇಲ್ಪದರ ಬರ್ತಿರೋದು, ಹಾಗಂತ ಉಜ್ಜುತ್ತಾನೇ ಇರಬೇಡಿ. ನೆರಳಲ್ಲಿ, ಬಾಡಿ ತಣ್ಣಗಿದ್ದಾಗ, ಎರಡಡಿ ಎರಡಡಿ ಜಾಗ ಮಾತ್ರ ತಗೊಂಡು ಮಾಡಿ, ಬಿಸಿಲಲ್ಲಿ ಒಣಗಿ ಗಾರೆ ಥರ ಕಚ್ಕೊಂಡ್ರೆ ಒರೆಸೋದೇ ದೊಡ್ಡ ಶಿಕ್ಷೆ.

ಡಬ್ಬದ ಮೇಲಿನ "ಎಲ್ಲಾ ಸ್ಕ್ರ್ಯಾಚ್ ಮಾಯ" ಅನ್ನೋದು ಶುದ್ಧ ಸುಳ್ಳು. ಉಗುರು ಎಳೆದಾಗ ಸಿಕ್ಕಿಕೊಳ್ಳೋ ಗೀರು ಇದರಿಂದ ಹೋಗಲ್ಲ ಕಣ್ರೀ. ತೊಳೆದೂ ತೊಳೆದೂ ಬಿದ್ದ ಜೇಡರ ಬಲೆ ಥರದ ಗೀರುಗಳು ಮಾತ್ರ ಮುಕ್ಕಾಲು ಪಾಲು ಹೋದ್ವು.

ಪಾಲಿಶ್ ಪರವಾಗಿಲ್ಲ. ವ್ಯಾಕ್ಸ್ ಹಾಕಿದ ವಾರ ನೀರು ಮುತ್ತಿನ ಹಾಗೆ ಉರುಳ್ತಿತ್ತು, ಎರಡು ತಿಂಗಳಿಗೆ ಆ ಆಟ ಮುಗೀತು, ವ್ಯಾಕ್ಸ್ ಅಂದ್ರೆ ಅಷ್ಟೇ, ಜಾಸ್ತಿ ಬಾಳಿಕೆ ಬೇಕಂದ್ರೆ ಸಿಂಥೆಟಿಕ್ ಸೀಲೆಂಟ್ (ವ್ಯಾಕ್ಸ್ ಬದಲು ಹಚ್ಚೋ ಕೃತಕ ಲೇಪ) ಬೇರೆ ತಗೊಳ್ಳಿ. ಬಟ್ಟೆ ಮಾತ್ರ ಕಸ, ಅಂಚಿನ ಹೊಲಿಗೆ ಒರಟಾಗಿದೆ, ಪಾಲಿಶ್ ಮಾಡಿದ ಜಾಗದಲ್ಲೇ ಸಣ್ಣ ಗೀರು ಬಿಡ್ತು, ನಾನು ಅದನ್ನ ಚಕ್ರ ಒರೆಸೋಕೆ ಇಟ್ಕೊಂಡೆ.

ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ರೂಫ್ ಮೇಲೆ ಅಂಗೈಯಗಲ ಜಾಗದಲ್ಲಿ ಕ್ಲಿಯರ್ ಕೋಟೇ ಸಿಪ್ಪೆ ಎದ್ದಿದೆ, ಅಲ್ಲಿ ಯಾವ ಪಾಲಿಶೂ ನಡೆಯಲ್ಲ, ಪೇಂಟರ್ ಹತ್ರಾನೇ ಹೋಗಬೇಕು. ಆಮೇಲೆ ಕಿಟಕಿ ಕೆಳಗಿನ ಕಪ್ಪು ರಬ್ಬರಿಗೆ ಟೇಪ್ ಹಾಕೋದು ಮರೆತೆ, ಕಾಂಪೌಂಡ್ ಮೆತ್ಕೊಂಡು ಬೆಳ್ಳಗಾಗಿ ಕೂತಿದೆ, ಹಳೇ ಟೂತ್‌ಬ್ರಶ್ ಹಿಡ್ಕೊಂಡು ಇವತ್ತಿಗೂ ಉಜ್ಜುತ್ತಾ ಇದೀನಿ.