ಬಿ.ಎಚ್. ರಸ್ತೆ ಮನೆಯೋ, ಎಸ್.ಎಸ್. ಪುರಂ ಒಳಗಿನದೋ? ಗಾಳಿ ನೋಡಿ ಹೇಳುವುದಾದರೆ

ತುಮಕೂರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಿ. ಒಂದು ಬಿ.ಎಚ್. ರಸ್ತೆಗೇ ಮುಖ ಮಾಡಿದ್ದು, ಇನ್ನೊಂದು ಎಸ್.ಎಸ್. ಪುರಂ ಒಳಗಿನ ಅಡ್ಡರಸ್ತೆಯದು. ಗಾಳಿ ಮಟ್ಟಿಗೆ ಯಾವುದು ವಾಸಿ? 2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ.

ಮಾರ್ಚ್ 25ರಿಂದ ವಾಹನಗಳು ನಿಂತಾಗ ದೇಶದ ದೊಡ್ಡ ನಗರಗಳಲ್ಲಿ ಜೋರಾಗಿ ಇಳಿದದ್ದು ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ. ಅದು ಹೆಚ್ಚಾಗಿ ವಾಹನದ ಹೊಗೆಯಿಂದ ಬರುತ್ತದೆ, ಕೆಲವು ಗಂಟೆಗಳಲ್ಲೇ ಕಡಿಮೆಯಾಗುತ್ತದೆ. ಹಾಗಾಗಿ ರಸ್ತೆ ಪಕ್ಕದಲ್ಲೇ ಜಾಸ್ತಿ, ಒಳಗೆ ಹೋದಂತೆ ಕಡಿಮೆ. ಸಿಗ್ನಲ್‌ನಲ್ಲಿ ನಿಂತ ಬಸ್ಸು ಹೊರಟಾಗ ಬಿಡುವ ಕಪ್ಪು ಹೊಗೆ ನೇರ ನಿಮ್ಮ ಕಿಟಕಿಗೇ. ಸರಳಿನ ಮೇಲೆ ಬೆರಳಾಡಿಸಿ ನೋಡಿ, ಮಸಿ. ಇದರಲ್ಲಿ ಒಳಗಿನ ಮನೆಯೇ ವಾಸಿ, ಎರಡು ಮಾತಿಲ್ಲ.

ಪಿಎಂ 2.5 ಎಂಬ ಸಣ್ಣ ಕಣಗಳ ಕಥೆ ಬೇರೆ. ಅವೂ ಇಳಿದವು, ಆದರೆ ಅಷ್ಟಾಗಿ ಅಲ್ಲ. ಸೌದೆ ಒಲೆ, ಕಸಕ್ಕೆ ಹಚ್ಚುವ ಬೆಂಕಿ ನಿಂತಿರಲಿಲ್ಲವಲ್ಲ. ಇವು ದಿನಗಟ್ಟಲೆ ತೇಲುತ್ತವೆ, ಅಡ್ಡರಸ್ತೆಯನ್ನೂ ಬಿಡುವುದಿಲ್ಲ. ಪಕ್ಕದಲ್ಲಿ ಖಾಲಿ ಸೈಟ್ ಇದ್ದರೆ ಬೆಳಿಗ್ಗೆ ಬೇಗ ಹೋಗಿ ನೋಡಿ. ಪ್ಲಾಸ್ಟಿಕ್ ಸುಟ್ಟ ಬೂದಿ ಕಂಡರೆ ಒಳಗಿನ ಮನೆಯ ಲಾಭ ಅರ್ಧ ಹೋಯಿತು ಅನ್ನಿ.

ಮನೆಯಲ್ಲಿ ಮಕ್ಕಳೋ ದಮ್ಮಿನವರೋ ಇದ್ದರೆ ಒಳಗಿನದು. ಅಂಗಡಿ ಇಡುವವರಿಗೆ ರಸ್ತೆಯದೇ ಬೇಕು, ಅಲ್ವಾ? ಆಗ ಮಲಗುವ ಕೋಣೆ ಹಿಂಬದಿಗೆ ಇರುವ ಮನೆಯನ್ನೇ ಕೇಳಿ.