ಹಳೆಯ ಸೇನಾ ರೈಫಲ್ಲುಗಳ ಮರಕ್ಕೆ ಹಸಿ ಅಗಸೆ ಎಣ್ಣೆ: ಒಂಬತ್ತು ವರ್ಷಗಳ ಬಳಕೆಯ ಅನುಭವ

ನನ್ನ ಬಳಿ ಮೂರು ಹಳೆಯ ಬೋಲ್ಟ್ ಆಕ್ಷನ್ ರೈಫಲ್ಲುಗಳಿವೆ (ಪ್ರತಿ ಗುಂಡಿಗೂ ಬೋಲ್ಟ್ ಎಂಬ ಹಿಡಿಯಿರುವ ಲೋಹದ ಭಾಗವನ್ನು ಕೈಯಿಂದ ಹಿಂದೆಮುಂದೆ ಎಳೆಯಬೇಕಾದ ಬಗೆ): 1917ರ ಮುದ್ರೆಯಿರುವ ಲೀ-ಎನ್‌ಫೀಲ್ಡ್ ನಂ. 1 ಮಾರ್ಕ್ 3 ಸ್ಟಾರ್, ಎರಡನೆಯ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್ ನಂ. 4, ಮತ್ತು ತೆಳು ಹಾಳೆಗಳನ್ನು ಅಂಟಿಸಿ ಮಾಡಿದ ಮರವಿರುವ ಮೌಸರ್ ಕೆ98ಕೆ. ಒಂಬತ್ತು ವರ್ಷಗಳಿಂದ ಇವುಗಳ ಮರಕ್ಕೆ ಹಸಿ ಅಗಸೆ ಎಣ್ಣೆಯನ್ನು ಬಿಟ್ಟು ಬೇರೇನನ್ನೂ ಹಚ್ಚಿಲ್ಲ. ಮೂರು ಮರಗಳೂ ಒಂದೇ ಎಣ್ಣೆಗೆ ಮೂರು ಬಗೆಯಲ್ಲಿ ಸ್ಪಂದಿಸಿದ್ದರಿಂದ, ಅದರ ಗುಣದೋಷಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಈ ಎಣ್ಣೆಯನ್ನು ಆರಿಸಿಕೊಳ್ಳಲು ಕಾರಣ ಸರಳ. ಬ್ರಿಟಿಷ್ ಸೇನೆಯ ರೈಫಲ್ಲುಗಳ ಮರವನ್ನು ಕಾರ್ಖಾನೆಯಲ್ಲೇ ಹಸಿ ಅಗಸೆ ಎಣ್ಣೆಯಲ್ಲಿ ಅದ್ದಿ ಸಿದ್ಧಪಡಿಸುತ್ತಿದ್ದರು. ಆಮೇಲೆ ಸೈನಿಕನು ಅದೇ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ ಕಾಪಾಡುತ್ತಿದ್ದನು. ಅಂಗಡಿಗಳಲ್ಲಿ ‘ಬಾಯ್ಲ್ಡ್’ ಎಂಬ ಹೆಸರಿನಲ್ಲಿ ಸಿಗುವ ಅಗಸೆ ಎಣ್ಣೆ ಇದಲ್ಲ. ಬೇಗ ಒಣಗಲೆಂದು ಅದಕ್ಕೆ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್ ಮೊದಲಾದ ಲೋಹಗಳ ಲವಣಗಳನ್ನು ಬೆರೆಸಿರುತ್ತಾರೆ. ಅದು ಒಂದೆರಡು ದಿನಗಳಲ್ಲಿ ಗಟ್ಟಿಯಾದರೆ, ಹಸಿ ಎಣ್ಣೆಗೆ ಹಲವು ದಿನಗಳು, ಕೆಲವೊಮ್ಮೆ ವಾರಗಳೇ ಬೇಕಾಗುತ್ತವೆ. ಆ ನಿಧಾನವೇ ನನಗೆ ಉಪಯೋಗಕ್ಕೆ ಬಂದದ್ದು. ಮೇಲ್ಮೈ ಗಟ್ಟಿಯಾಗುವ ಮೊದಲೇ ಎಣ್ಣೆಗೆ ಎಳೆಗಳ ನಡುವೆ ಇಳಿಯಲು ಸಮಯ ಸಿಗುವುದರಿಂದ, ಮರದ ಮೇಲೆ ಹೊಳೆಯುವ ಪೊರೆ ಕಟ್ಟಿಕೊಳ್ಳದೆ, ಒಳಗಿನಿಂದಲೇ ಬಂದಂತೆ ಕಾಣುವ ಮಂದವಾದ ಕಾಂತಿ ಉಳಿಯುತ್ತದೆ.

ಎಣ್ಣೆ ಹಚ್ಚುವ ಮೊದಲು ಮಾಡಬೇಕಾದ ಕೆಲಸ ಹಚ್ಚುವ ಕೆಲಸಕ್ಕಿಂತ ದೊಡ್ಡದು. ರೈಫಲ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟನ್ನು ಹೊರತೆಗೆದಿಟ್ಟ ಮೇಲೆಯೇ ಮರಕ್ಕೆ ಕೈ ಹಾಕಬೇಕು. ನಂ. 1 ರೈಫಲ್ಲಿನಲ್ಲಿ ಹಿಂದಿನ ಬಟ್ಟನ್ನು (ಭುಜಕ್ಕೆ ಒತ್ತಿ ಹಿಡಿಯುವ ಮರದ ಭಾಗವನ್ನು) ಬಿಗಿದಿರುವ ಇನ್ನೊಂದು ಬೋಲ್ಟ್, ಅಂದರೆ ಉದ್ದನೆಯ ತಿರುಪಿನ ತುದಿ ಚೌಕಾಕಾರವಾಗಿದ್ದು, ನಳಿಗೆಯ ಕೆಳಗಿನ ಮರದ ಹಿಂಬದಿಯಲ್ಲಿರುವ ತಗಡಿನೊಳಗೆ ಕೂತಿರುತ್ತದೆ. ನಳಿಗೆಯ ಕೆಳಗಿನ ಆ ಮುಂದಿನ ಮರವನ್ನು ಬಿಚ್ಚದೆ ಈ ತಿರುಪನ್ನು ತಿರುಗಿಸಿದರೆ ಮರ ಸೀಳಿಹೋಗುತ್ತದೆ. ಎಷ್ಟೋ ರೈಫಲ್ಲುಗಳು ಯುದ್ಧಗಳನ್ನು ದಾಟಿ ಬಂದು ಹೀಗೆ ಅವಸರದ ಕೈಯಲ್ಲಿ ಹಾಳಾಗಿವೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ನನ್ನ 1917ರ ರೈಫಲ್ಲಿನ ಅಕ್ರೋಟು ಮರ ಕೈಗೆ ಬಂದಾಗ ಹಿಡಿಯುವ ಜಾಗದಲ್ಲಿ ಕಪ್ಪಾಗಿ ಜಿಡ್ಡುಗಟ್ಟಿತ್ತು. ಆ ಜಿಡ್ಡು ಅಗಸೆ ಎಣ್ಣೆಯದಲ್ಲ; ದಶಕಗಳ ಕಾಲ ಲೋಹದ ಭಾಗಗಳಿಂದ ಇಳಿದ ಖನಿಜ ತೈಲದ್ದು. ಖನಿಜ ತೈಲ ಎಂದಿಗೂ ಒಣಗುವುದಿಲ್ಲ, ಮರವನ್ನು ಮೆತ್ತಗೆ ಮಾಡುತ್ತದೆ, ಮತ್ತು ಅದರ ಮೇಲೆ ಹಚ್ಚಿದ ಅಗಸೆ ಎಣ್ಣೆಯನ್ನೂ ಸರಿಯಾಗಿ ಒಣಗಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆಯ ಪುಡಿಯನ್ನು ಟರ್ಪೆಂಟೈನಿನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಉದುರಿಸಿ, ಮತ್ತೆ ಮೆತ್ತಿದೆ. ಐದನೆಯ ಸಲಕ್ಕೆ ಪುಡಿ ಬೆಳ್ಳಗೇ ಉಳಿಯಿತು. ಸಣ್ಣ ತಗ್ಗುಗಳನ್ನು ಒದ್ದೆ ಬಟ್ಟೆ ಮತ್ತು ಬಿಸಿ ಇಸ್ತ್ರಿಪೆಟ್ಟಿಗೆಯ ಹಬೆಯಿಂದ ಮೇಲೆತ್ತಿದೆ. ಉಪ್ಪುಕಾಗದವನ್ನು ಮಾತ್ರ ಮುಟ್ಟಲಿಲ್ಲ. ತಪಾಸಣೆಯ ಮುದ್ರೆಗಳು ಮರದ ಮೇಲ್ಪದರದಲ್ಲೇ ಇರುತ್ತವೆ. ಉಜ್ಜಿದರೆ ಅವು ಶಾಶ್ವತವಾಗಿ ಹೋಗುತ್ತವೆ, ಮರವೂ ಲೋಹದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ.

ಅನುಭವಿಗಳು ಹೇಳುವ ಕ್ರಮವನ್ನೇ ಹಿಡಿದೆ: ವಾರದವರೆಗೆ ದಿನಕ್ಕೊಮ್ಮೆ, ತಿಂಗಳವರೆಗೆ ವಾರಕ್ಕೊಮ್ಮೆ, ವರ್ಷದವರೆಗೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲವೂ ಕೆಲವೇ ಹನಿಗಳನ್ನು ಹಾಕಿ, ಅಂಗೈ ಬಿಸಿಯಾಗುವವರೆಗೆ ತಿಕ್ಕಿ, ಅರ್ಧ ಗಂಟೆಯ ನಂತರ ಉಳಿದದ್ದನ್ನೆಲ್ಲ ಒಣಬಟ್ಟೆಯಿಂದ ಒರೆಸಿಬಿಡಬೇಕು. ನಂ. 4ರ ಬೀಚ್ ಮರದ ವಿಷಯದಲ್ಲಿ ನಾನು ಈ ನಿಯಮ ಮುರಿದು ಒಂದೇ ದಿನ ಮೂರು ಸಲ ಧಾರಾಳವಾಗಿ ಹಚ್ಚಿದೆ. ಆರು ವಾರ ಕಳೆದರೂ ಅಂಟು ಹೋಗಲಿಲ್ಲ; ದೂಳು ಕೂತು ಮರ ಕೊಳಕಾಯಿತು. ಕೊನೆಗೆ ಟರ್ಪೆಂಟೈನಿನಲ್ಲಿ ಅದ್ದಿದ ಒರಟು ಬಟ್ಟೆಯಿಂದ ಎಲ್ಲವನ್ನೂ ತೆಗೆದು ಮೊದಲಿನಿಂದ ಆರಂಭಿಸಬೇಕಾಯಿತು. ಮೌಸರಿನ ಮರವಂತೂ ಎಣ್ಣೆಯನ್ನು ಹೆಚ್ಚು ಕುಡಿಯಲೇ ಇಲ್ಲ, ಏಕೆಂದರೆ ಹಾಳೆಗಳ ನಡುವಿನ ರಾಳದ ಅಂಟು ಅದನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ವರ್ಷಕ್ಕೊಂದು ತೆಳು ಲೇಪ ಸಾಕು.

ಒಂಬತ್ತು ವರ್ಷಗಳ ನಂತರ ಅಕ್ರೋಟು ಮರ ಗಾಢವಾದ ಕೆಂಗಂದು ಬಣ್ಣಕ್ಕೆ ತಿರುಗಿದೆ. ಹೊಸ ಗೀರು ಬಿದ್ದರೆ ಎರಡು ಹನಿ ಎಣ್ಣೆಯಿಂದ ಅದು ಸುತ್ತಲಿನ ಬಣ್ಣದಲ್ಲಿ ಬೆರೆತುಹೋಗುತ್ತದೆ. ವಾರ್ನಿಶ್ ಹಚ್ಚಿದ ಮರದಲ್ಲಿ ಈ ಅನುಕೂಲವಿಲ್ಲ. ಆದರೆ ನೀರನ್ನು ತಡೆಯುವುದರಲ್ಲಿ ಈ ಎಣ್ಣೆ ದುರ್ಬಲ. ಮಳೆಯಲ್ಲಿ ನೆನೆದ ದಿನ ನಂ. 4ರ ಮರದ ಎಳೆಗಳು ಎದ್ದು ನಿಂತವು. ಗಾಳಿಯಾಡದ ಒದ್ದೆ ಜಾಗದಲ್ಲಿಟ್ಟಾಗ ಬೂಷ್ಟು ಹಿಡಿದದ್ದೂ ಉಂಟು. ನೀರಿನ ವಿಷಯದಲ್ಲಿ ಟಂಗ್ ಮರದ ಬೀಜದಿಂದ ತೆಗೆಯುವ ಟಂಗ್ ಎಣ್ಣೆ ಇದಕ್ಕಿಂತ ಮೇಲು ಎಂದು ಒಪ್ಪುತ್ತೇನೆ. ಆದರೂ ಮೊದಲು ಅಗಸೆ ಎಣ್ಣೆಯನ್ನೇ ಕಂಡಿದ್ದ ಬ್ರಿಟಿಷ್ ರೈಫಲ್ಲಿಗೆ ಟಂಗ್ ಎಣ್ಣೆಯನ್ನು ಹಚ್ಚಲು ನನಗೆ ಮನಸ್ಸಾಗುವುದಿಲ್ಲ.

ಎಣ್ಣೆಯಿಂದ ಆಗದ ಕೆಲಸವೂ ಇದೆ. ಗುಂಡು ಹಾರಿದಾಗಿನ ಒದೆತವನ್ನು ಲೀ-ಎನ್‌ಫೀಲ್ಡಿನಲ್ಲಿ ಮುಂದಿನ ಮರದ ಹಿಂಬದಿಯ ಎರಡು ಸಣ್ಣ ಮೇಲ್ಮೈಗಳು ಹೊರುತ್ತವೆ. ಅಲ್ಲಿ ಮರ ಕುಗ್ಗಿ ಲೋಹದಿಂದ ದೂರ ಸರಿದಿದ್ದರೆ, ಎಷ್ಟು ಎಣ್ಣೆ ಕುಡಿಸಿದರೂ ಆ ಸಂದು ತುಂಬುವುದಿಲ್ಲ; ಹಾಗೆಯೇ ಗುಂಡು ಹಾರಿಸಿದರೆ ಮರ ಬಿರುಕು ಬಿಡುತ್ತದೆ. ಅಲ್ಲಿಗೆ ಗಟ್ಟಿಮರದ ತುಂಡನ್ನು ಕೂರಿಸುವುದೇ ದಾರಿ, ಮತ್ತು ಅದನ್ನು ಬಲ್ಲ ಬಂದೂಕು ಕೆಲಸಗಾರರಿಗೆ ಒಪ್ಪಿಸುವುದು ಕ್ಷೇಮ.

ಇನ್ನು ಒರೆಸಿದ ಬಟ್ಟೆಯ ಮಾತು. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಮುದುಡಿ ಎಸೆದ ಬಟ್ಟೆಯಲ್ಲಿ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ನಾನು ಪ್ರತಿ ಬಟ್ಟೆಯನ್ನೂ ಬಯಲಿನಲ್ಲಿ ಬಿಡಿಸಿ ಹರವಿ, ಪೂರ್ತಿ ಬಿರುಸಾದ ಮೇಲೆಯೇ ಎಸೆಯುತ್ತೇನೆ. ಡಬ್ಬಿಯ ಮೇಲಿನ ಈ ಎಚ್ಚರಿಕೆಯನ್ನು ತೀರ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದಾರೆ ಎಂಬುದು ಈ ಉತ್ಪನ್ನದ ಬಗ್ಗೆ ನನ್ನ ದೊಡ್ಡ ಆಕ್ಷೇಪ.