ಎರ್ಟಿಗಾ ಪೆಟ್ರೋಲ್ ವಿಎಕ್ಸ್‌ಐ: ಎಂಜಿನ್ ಆರಿಸಿದ್ದು ಸರಿ, ವೇರಿಯೆಂಟ್ ತಪ್ಪು

ಮಾರುತಿಯ ಏಳು ಸೀಟಿನ ಎರ್ಟಿಗಾ, 2022ರ ಕೊನೆಗೆ ತಗೊಂಡ ಗಾಡಿ, ಈಗ ಮೀಟರ್ 41 ಸಾವಿರ ದಾಟಿದೆ. ಮನೆಯಲ್ಲಿ ಆರು ಜನ. ವಾಸ ಶಿವಮೊಗ್ಗ, ಊರು ಉಡುಪಿ ಕಡೆ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಹತ್ತುವುದು ತಪ್ಪಿದ್ದಲ್ಲ.

ಶೋರೂಮಿಗೆ ಹೋದಾಗ ನನ್ನ ತಲೆ ತುಂಬಾ ಸಿಎನ್‌ಜಿ. ಕಂಪನಿ ಲೆಕ್ಕದಲ್ಲಿ ಕಿಲೋ ಗ್ಯಾಸಿಗೆ 26.11 ಕಿ.ಮೀ., ಪೆಟ್ರೋಲ್ ಮ್ಯಾನುಯಲ್ಲಿಗೆ ಲೀಟರಿಗೆ 20.51. ಆಸೆ ಹುಟ್ಟದೇ ಇರುತ್ತಾ? ಅಪ್ಪ ಮಾತ್ರ ಸೀದಾ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಸಿದರು. ಅಲ್ಲಿ ಸಿಲಿಂಡರ್ ಮಲಗಿತ್ತು. "ಊರಿಂದ ಬರುವಾಗ ತೆಂಗಿನಕಾಯಿ ತಲೆ ಮೇಲೆ ಹೊತ್ಕೊಂಡು ಬರ್ತೀಯೇನೋ?" ಅಂದರು. ಮೂರೂ ಸಾಲು ಸೀಟು ಮಡಚದೆ ಹಾಗೇ ಇಟ್ಟರೆ ಪೆಟ್ರೋಲ್ ಗಾಡಿಯಲ್ಲೇ ಉಳಿಯುವುದು 209 ಲೀಟರ್ ಜಾಗ, ಅದೂ ಹೋದರೆ ಏನು ಮಾಡುವುದು!

ಇನ್ನೊಂದು ಕಾರಣ ಘಾಟಿ. 1.5 ಲೀಟರಿನ ಅದೇ ಎಂಜಿನ್ ಪೆಟ್ರೋಲಿನಲ್ಲಿ 103 ಅಶ್ವಶಕ್ತಿ ಕೊಟ್ಟರೆ ಗ್ಯಾಸಿನಲ್ಲಿ 88. ಆರು ಜನ, ಲಗೇಜು, ಎಸಿ ಎಲ್ಲಾ ಸೇರಿ ಆಗುಂಬೆಯ 14 ತಿರುವು ಹತ್ತುವಾಗ ನನ್ನ ಪೆಟ್ರೋಲ್ ಗಾಡಿಯೇ ಎರಡು ಮೂರು ಕಡೆ ಫಸ್ಟ್ ಗೇರ್ ಕೇಳುತ್ತದೆ. ಮೈಲೇಜ್ ಹೈವೇಯಲ್ಲಿ 18, ಊರೊಳಗೆ 13. ಗ್ಯಾಸ್ ತಗೊಂಡಿದ್ದರೆ ಹೆಚ್ಚಿಗೆ ಕೊಡಬೇಕಿದ್ದ ಸುಮಾರು 95 ಸಾವಿರ ಇಷ್ಟೊತ್ತಿಗೆ ವಾಪಸ್ ಬಂದಿರುತ್ತಿತ್ತು, ಸುಳ್ಳು ಹೇಳಲ್ಲ. ಆದರೂ ಬೇಜಾರಿಲ್ಲ.

ಬೇಜಾರಿರುವುದು ವೇರಿಯೆಂಟ್, ಅಂದರೆ ಸೌಲಭ್ಯಕ್ಕೆ ತಕ್ಕ ದರ್ಜೆಯ ವಿಷಯಕ್ಕೆ. ಎಲ್ಲಕ್ಕಿಂತ ಅಗ್ಗದ ಎಲ್‌ಎಕ್ಸ್‌ಐ ಮೊದಲೇ ಬಿಟ್ಟೆವು, ಹಿಂದಿನ ಸಾಲಿನವರಿಗೆ ಚಾವಣಿಯಿಂದ ಎಸಿ ಗಾಳಿ ಬರುವುದಿಲ್ಲ ಅಂತ. ವಿಎಕ್ಸ್‌ಐಗಿಂತ ಮೇಲಿನ ಝಡ್‌ಎಕ್ಸ್‌ಐಗೆ ಲಕ್ಷದ ಮೇಲೆ ಜಾಸ್ತಿ. ಅಲಾಯ್ ಚಕ್ರ, ಬಟನ್ ಸ್ಟಾರ್ಟ್, ಇದೆಲ್ಲಾ ಶೋಕಿ ಅಂದುಕೊಂಡು ವಿಎಕ್ಸ್‌ಐಗೆ ಸಹಿ ಹಾಕಿದೆ. ಝಡ್‌ಎಕ್ಸ್‌ಐಯ ಅದೇ ಪಟ್ಟಿಯ ಕೆಳಗೆಲ್ಲೋ ವಿಎಕ್ಸ್‌ಐಗೆ ಇಲ್ಲದ ಹಿಂದಿನ ಗಾಜಿನ ವೈಪರ್ ಇತ್ತು. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೊದಲ ಆಷಾಢದಲ್ಲೇ ಗೊತ್ತಾಯಿತು. ತೀರ್ಥಹಳ್ಳಿ ದಾಟಿ ಹತ್ತು ನಿಮಿಷಕ್ಕೆ ಹಿಂದಿನ ಗಾಜು ಕೆಂಪು ರಾಡಿ ಬಳಿದ ಗೋಡೆಯಂತಾಗಿತ್ತು. ಒಳಗಿನ ಕನ್ನಡಿಯಲ್ಲಿ ಕಾಣುವುದು ಬಸ್ಸಿನ ಲೈಟೋ, ಬರೀ ಮಂಜೋ ಹೇಳಲು ಬರಲಿಲ್ಲ. ಘಾಟಿಯಲ್ಲಿ ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲದೆ ಇಳಿಯುವುದಿದೆಯಲ್ಲ, ಬೆವರು ಬರುತ್ತದೆ.

ಈಗ ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲದ ಪಕ್ಕ ಅಪ್ಪನ ಹಳೇ ಪಂಚೆಯ ತುಂಡೊಂದು ಖಾಯಂ ಇರುತ್ತದೆ. ಮಳೆಗಾಲದಲ್ಲಿ ಆಗುಂಬೆಯಲ್ಲೊಮ್ಮೆ, ಸೋಮೇಶ್ವರದಲ್ಲೊಮ್ಮೆ ಮಗಳು ಕೊಡೆ ಹಿಡಿಯುತ್ತಾಳೆ, ನಾನು ಗಾಜು ಒರೆಸುತ್ತೇನೆ.